ಗ್ರೀನ್ ಕಾರ್ಡೇ ಬೇಕು ಅಂತ ಹಟ ಮಾಡುವ ಹಾಗಿಲ್ಲ

ಸರ್, ನಿಮ್ಮ ತಮ್ಮ ಅಮೆರಿಕದ ಡಲ್ಲಾಸ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದ್ದಾರೆ. ಡ್ರೈವಿಂಗ್ ಲೈಸೆನ್ಸ್, ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿನ ಸರ್ಕಾರ ಕೊಡುವ ನಂಬರಿನ ಕಾರ್ಡ್) ಎರಡೂ ತೋರಿಸಿದರೂ ಎಚ್‌ಆರ್‌ನವರು ಗ್ರೀನ್ ಕಾರ್ಡೇ (ಅಲ್ಲಿ ಕಾಯಂ ಆಗಿ ಇರಲು ಕೊಡುವ ಕಾರ್ಡ್) ತನ್ನಿ ಅಂತಿದ್ದಾರೆ, ಇದು ಸರಿನಾ ಅಂತ ಕೇಳಿದ್ದೀರಿ.

ಸರಿಯಲ್ಲ. 1986ರ ಕಾನೂನಿನಂತೆ ಅಲ್ಲಿ ಹೊಸದಾಗಿ ಸೇರುವ ಎಲ್ಲರದೂ, ಅಮೆರಿಕದಲ್ಲೇ ಹುಟ್ಟಿದವರದೂ, ಐ-9 ಫಾರ್ಮ್ (ಗುರುತು ಮತ್ತು ಕೆಲಸ ಮಾಡುವ ಅನುಮತಿ ನೋಡುವ ಫಾರ್ಮ್) ಆಗಬೇಕು. ಆದರೆ ಅದರ ಪಟ್ಟಿಯಲ್ಲಿರುವ ಯಾವ ದಾಖಲೆ ತೋರಿಸಬೇಕು ಅನ್ನೋದು ಕೆಲಸಗಾರನ ಇಷ್ಟ. ಪೌರತ್ವ ಅಥವಾ ಹುಟ್ಟಿದ ದೇಶ ನೋಡಿ ಇಂಥದ್ದೇ ಕೊಡಿ ಅಂದರೆ ಅದು ತಾರತಮ್ಯ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸಿಮ್ ಕೊಳ್ಳಲು ಹೋದರೂ ಆಧಾರೇ ಕೊಡಿ ಅಂತಾರಲ್ಲ, ಹಾಗಾಗಿ ನಮಗೆ ಇದು ತಪ್ಪು ಅನ್ನಿಸೋದೇ ಇಲ್ಲ!

ಜಗಳಕ್ಕೆ ಹೋಗುವ ಮೊದಲು ಆ ಸೋಶಿಯಲ್ ಸೆಕ್ಯುರಿಟಿ ಕಾರ್ಡನ್ನು ಒಮ್ಮೆ ಸರಿಯಾಗಿ ನೋಡಲು ಹೇಳಿ. ಎಚ್-1ಬಿ (ತಾತ್ಕಾಲಿಕ ಕೆಲಸದ ವೀಸಾ) ಮೇಲೆ ಇದ್ದಾಗ ಮಾಡಿಸಿದ್ದಾದರೆ, ಸರ್ಕಾರದ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ನಡೆಯುತ್ತದೆ ಎಂಬ ಸಾಲು ಅದರ ಮೇಲೆ ಇರುತ್ತದೆ. ಅಂಥ ಕಾರ್ಡ್ ಐ-9ಗೆ ಬರುವುದಿಲ್ಲ. ಜಾಸ್ತಿ ಜನ ಎಡವೋದು ಇಲ್ಲೇ. ಗ್ರೀನ್ ಕಾರ್ಡ್ ಬಂದ ಮೇಲೆ ಅರ್ಜಿ ಹಾಕಿದರೆ ಆ ಸಾಲು ಇಲ್ಲದ ಕಾರ್ಡ್ ಕೊಡುತ್ತಾರೆ. ಆದರೆ ಕೆಲಸ ಶುರುವಾಗಿ 3 ಕೆಲಸದ ದಿನಗಳೊಳಗೆ ದಾಖಲೆ ತೋರಿಸಬೇಕು. ಹೊಸ ಕಾರ್ಡ್ ಅಷ್ಟರಲ್ಲಿ ಕೈಗೆ ಬರದಿದ್ದರೆ ಸುಮ್ನೆ ಗ್ರೀನ್ ಕಾರ್ಡ್ ತೋರಿಸೋದೇ ವಾಸಿ.

ಕಾರ್ಡ್ ಸರಿಯಿದ್ದೂ ಹಟ ಮಾಡಿದರೆ, ಕೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಲಿ. ದೂರು ಕೊಡಬೇಕಾದದ್ದು ಅಲ್ಲಿನ ನ್ಯಾಯ ಇಲಾಖೆಯ ವಲಸಿಗರ ಮತ್ತು ನೌಕರರ ಹಕ್ಕುಗಳ ವಿಭಾಗಕ್ಕೆ, 180 ದಿನದೊಳಗೆ.