ಮುಂಬೈನ ಪಾರ್ಸಿಗಳ ದಖ್ಮಾದಲ್ಲಿ, ಅಂದರೆ ಶವಗಳನ್ನು ಹದ್ದುಗಳಿಗೆಂದು ತೆರೆದಿಡುವ ಗೋಪುರದಲ್ಲಿ, ರಣಹದ್ದುಗಳು ಬರುವುದು ನಿಂತಿದ್ದೇಕೆ?

ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿಯೇ ಕಾರಣ, ಡೈಕ್ಲೋಫೆನಾಕ್. ಅದನ್ನು ಚುಚ್ಚಿಸಿಕೊಂಡ ದನ ಕೆಲವೇ ದಿನಗಳಲ್ಲಿ ಸತ್ತರೆ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ತಿಂದ ಹದ್ದಿನ ಮೂತ್ರಪಿಂಡ ಕೈಕೊಡುತ್ತದೆ, ಯೂರಿಕ್ ಆಮ್ಲ ರಕ್ತದಲ್ಲೇ ಉಳಿದು ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕೂರುತ್ತದೆ. ಇದು ಖಚಿತವಾಗಿದ್ದು 2004ರಲ್ಲಿ. ಭಾರತ 2006ರಲ್ಲಿ ಪಶುಬಳಕೆಗೆ ನಿಷೇಧ ಹಾಕಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ದನದ ಕೊಟ್ಟಿಗೆಗೂ ಹೋಗುತ್ತಿದ್ದವು, ಅದಕ್ಕೆ ಕಡಿವಾಣ ಬಿದ್ದಿದ್ದು 2015ರಲ್ಲಿ.

ಪಾರ್ಸಿಗಳಿಗೆ ಬೆಂಕಿ, ಮಣ್ಣು, ನೀರು ಪವಿತ್ರ. ಶವದಿಂದ ಅವು ಮೈಲಿಗೆಯಾಗಬಾರದು. ಹಾಗಾಗಿ ಶವವನ್ನು ಸುಡದೆ, ಹೂಳದೆ ದಖ್ಮಾದ ಕಲ್ಲುಹಾಸಿನ ಮೇಲೆ ಇಡುತ್ತಾರೆ: ಹೊರಸುತ್ತಿನಲ್ಲಿ ಗಂಡಸರು, ನಡುವೆ ಹೆಂಗಸರು, ಒಳಸುತ್ತಿನಲ್ಲಿ ಮಕ್ಕಳು. ಒಣಗಿದ ಮೂಳೆಗಳು ನಡುವಿನ ಬಾವಿಗೆ. ಹದ್ದಿನ ಹಿಂಡು ಗಂಟೆಯೊಳಗೆ ಮುಗಿಸುತ್ತಿದ್ದ ಕೆಲಸ ಕಾಗೆ, ಗಿಡುಗಗಳ ಕೈಲಾಗುವುದಿಲ್ಲ.

ಮುಂಬೈನ ದಖ್ಮಾಗಳಿರುವ ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಬಿಸಿಲನ್ನು ಶವದ ಮೇಲೆ ಕೇಂದ್ರೀಕರಿಸುವ ಸೌರ ಪ್ರತಿಫಲಕಗಳನ್ನು ಇಟ್ಟರು. ಬೇಸಿಗೆಯಲ್ಲಿ ಪರವಾಗಿಲ್ಲ, ಮುಂಗಾರಿನ ಮೋಡ ಕವಿದರೆ ನಿರುಪಯುಕ್ತ. ಇದು ಸುಡುವುದಕ್ಕೆ ಸಮವಲ್ಲವೇ ಎಂಬ ತಕರಾರೂ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ. ಈಗ ಕೆಲವು ಕುಟುಂಬಗಳು ವರ್ಲಿಯ ಪ್ರಾರ್ಥನಾ ಮಂದಿರದಲ್ಲಿ ವಿಧಿ ಮುಗಿಸಿ ದಹನ ಮಾಡಿಸುತ್ತವೆ.