ಎಂಜಿನ್‌ನ ಕೈ ಕಟ್ಟಿ ಆಡಿಸುವುದು ಹೇಗೆ?

ಓದುಗರ ಚೆಸ್ ಪ್ರಶ್ನೆಗಳು

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪಿಗೆ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ) ಇಳಿಸಿಕೊಂಡಿದ್ದೇನೆ. ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ, ಬೋರ್ಡೇ ಇಲ್ಲ. ಫೈಲ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಸ್ಟಾಕ್‌ಫಿಶ್‌ಗೆ ಲೆಕ್ಕ ಹಾಕುವುದಷ್ಟೇ ಗೊತ್ತು, ಬೋರ್ಡು ತೋರಿಸಲು ಬೇರೆ ತಂತ್ರಾಂಶ ಬೇಕು. ಕ್ಯೂಟ್ ಚೆಸ್, ಲ್ಯೂಕಾಸ್ ಚೆಸ್ ಎರಡೂ ಉಚಿತ. ಹೊಸದಾಗಿ ಶುರುಮಾಡುವವರಿಗೆ ನಾವು ಹೇಳುವುದು ಲ್ಯೂಕಾಸ್ ಚೆಸ್. ಅದರ ಜೊತೆಗೇ ಬೇರೆ ಬೇರೆ ಬಲದ ಹಲವು ಎಂಜಿನ್‌ಗಳು ಬರುತ್ತವೆ. ಪರದೆ ತುಂಬ ಮೆನುಗಳು, ಮೊದಲ ದಿನ ಸ್ವಲ್ಪ ತಲೆ ತಿರುಗುತ್ತದೆ, ಅಷ್ಟೇ.

ಆ ಕಪ್ಪು ಕಿಟಕಿಯನ್ನೂ ಒಮ್ಮೆ ಮಾತಾಡಿಸಿ ನೋಡಿ. ಇಂಗ್ಲಿಷಿನ ಯು, ಸಿ, ಐ ಮೂರೂ ಸಣ್ಣ ಅಕ್ಷರಗಳನ್ನು ಸೇರಿಸಿ ಟೈಪ್ ಮಾಡಿ ಎಂಟರ್ ಒತ್ತಿದರೆ ಆಯ್ಕೆಗಳ ಪಟ್ಟಿ ಓಡುತ್ತದೆ. ಕೊನೆಯ ಸಾಲಿನಲ್ಲಿ ‘ಯುಸಿಐಓಕೆ’ ಬಂದರೆ ಎಂಜಿನ್ ಸರಿಯಿದೆ. ಬದಲಿಗೆ ಕಿಟಕಿ ಮಿಂಚಿ ಮಾಯವಾದರೆ ನಿಮ್ಮ ಪ್ರೊಸೆಸರಿಗೆ ಹೊಂದದ ಫೈಲ್ ತಂದಿದ್ದೀರಿ ಎನ್ನಬಹುದು. ಹೆಸರಿನಲ್ಲಿ ಎವಿಎಕ್ಸ್2 ಎಂದಿರುವ ಫೈಲ್ ಹಳೆಯ ಪ್ರೊಸೆಸರುಗಳಲ್ಲಿ ಓಡುವುದಿಲ್ಲ, ಎಸ್‌ಎಸ್‌ಇ41-ಪಾಪ್‌ಕೌಂಟ್ ಎಂದಿರುವುದನ್ನು ಇಳಿಸಿಕೊಳ್ಳಿ. ಫೈಲನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಬಿಡಬೇಡಿ. ಅಲ್ಲಿ ಕಸ ಗುಡಿಸಿದ ದಿನ ಎಂಜಿನ್ನೂ ಹೋಗುತ್ತದೆ.

ಪ್ರಶ್ನೆ: ನನ್ನ ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್ 1450. ಸ್ಟಾಕ್‌ಫಿಶ್‌ನ ಎಲೊ (ಆಟದ ಬಲದ ಅಂಕಿ) 1500ಕ್ಕೆ ಇಟ್ಟರೂ ಇಪ್ಪತ್ತೈದು ನಡೆಯೊಳಗೆ ಸೋಲುತ್ತೇನೆ. ಸ್ಕಿಲ್ ಲೆವೆಲ್ ಇಳಿಸಿದರೆ ಮಾಸ್ಟರಂತೆ ಆಡುತ್ತಾ ಬಂದು ಇದ್ದಕ್ಕಿದ್ದಂತೆ ಆನೆ ಕೊಟ್ಟುಬಿಡುತ್ತದೆ. ಯೋಚಿಸುವ ಸಮಯ ಕಡಿಮೆ ಮಾಡಿದರೂ ಅಷ್ಟೇ.

ಮೊದಲು ‘ಲಿಮಿಟ್ ಸ್ಟ್ರೆಂತ್’ ಚೌಕದಲ್ಲಿ ಗುರುತು ಇದೆಯೇ ನೋಡಿ. ಅದಿಲ್ಲದಿದ್ದರೆ ಎಲೊ ಜಾಗದಲ್ಲಿ ಏನೇ ಬರೆದರೂ ಎಂಜಿನ್ ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಪೂರ್ತಿ ಬಲದಲ್ಲಿ ಆಡುತ್ತದೆ. ಗುರುತು ಹಾಕಿದ ಮೇಲೆ ಸ್ಕಿಲ್ ಲೆವೆಲ್ ಲೆಕ್ಕಕ್ಕಿಲ್ಲ. ಎರಡನ್ನೂ ಒಟ್ಟಿಗೆ ತಿರುಗಿಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಗುರುತು ಇದ್ದೂ ಸೋಲುತ್ತಿದ್ದರೆ ಆ 1500 ಫಿಡೆಯ 1500 ಅಲ್ಲ ಎಂಬುದು ಕಾರಣ. ಎಂಜಿನ್‌ಗಳನ್ನು ಎಂಜಿನ್‌ಗಳ ಜೊತೆ, 2 ನಿಮಿಷ ಮತ್ತು ನಡೆಗೆ 1 ಸೆಕೆಂಡಿನ ಲೆಕ್ಕದಲ್ಲಿ ಆಡಿಸಿ ಹೊಂದಿಸಿದ ಅಂಕಿ ಅದು. ಈಚಿನ ಆವೃತ್ತಿಗಳಲ್ಲಿ ಅದು 1320ಕ್ಕಿಂತ ಕೆಳಗೆ ಇಳಿಯುವುದೂ ಇಲ್ಲ.

ಇನ್ನು ಆನೆಯ ಸಂಗತಿ. ಸ್ಕಿಲ್ ಲೆವೆಲ್ ಇಳಿಸಿದಾಗ ಎಂಜಿನ್ ಕನಿಷ್ಠ ನಾಲ್ಕು ನಡೆಗಳನ್ನು ಎದುರಿಗಿಟ್ಟುಕೊಂಡು, ಲೆವೆಲ್‌ಗಿಂತ ಒಂದು ಹೆಚ್ಚಿನ ಆಳ (ಎಷ್ಟು ನಡೆ ಮುಂದಕ್ಕೆ ನೋಡುತ್ತದೆ ಎಂಬ ಲೆಕ್ಕ) ಮುಟ್ಟಿದಾಗ, ಚೀಟಿ ಎತ್ತಿದ ಹಾಗೆ ಅವುಗಳಲ್ಲೊಂದನ್ನು ಆರಿಸುತ್ತದೆ. ಲೆವೆಲ್ 5 ಎಂದರೆ ಆಳ 6ರಲ್ಲೇ ಆಯ್ಕೆ ಮುಗಿಯಿತು. ಆ ಆಳ ಮುಟ್ಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ಹಾಗಾಗಿ ಸಮಯ ಕಡಿತದಿಂದ ಏನೂ ಬದಲಾಗಲಿಲ್ಲ. ಮನುಷ್ಯ ತಪ್ಪುವುದು ದೂರದ ಒಂಟೆಯನ್ನು ಮರೆತಾಗ, ಕುದುರೆಯ ಫೋರ್ಕ್ (ಒಂದೇ ನಡೆಯಲ್ಲಿ ಎರಡು ಕಾಯಿಗಳ ಮೇಲೆ ದಾಳಿ) ಕಾಣದಿದ್ದಾಗ. ಇದರ ತಪ್ಪಿಗೆ ಅಂಥ ಕಾರಣವಿಲ್ಲ. ಅದನ್ನು ಸೋಲಿಸಿ ನೀವು ಕಲಿಯುವುದೂ ಕಡಿಮೆ.

ನಿಮಗೆ ಬೇಕಾದದ್ದು ಮಾಯಾ. 2020ರಲ್ಲಿ ಹೊರಬಂದ ಇದನ್ನು ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ಮನುಷ್ಯರು ಆಡಿದ ಲಕ್ಷಗಟ್ಟಲೆ ಆಟಗಳಿಂದ ತಯಾರಿಸಿದ್ದಾರೆ. 1100ರಿಂದ 1900ರವರೆಗೆ ನೂರು ನೂರರ ಅಂತರದಲ್ಲಿ ಒಂಬತ್ತು ಫೈಲ್‌ಗಳಿವೆ. ಮಾಯಾ ತಾನೇ ಎಂಜಿನ್ ಅಲ್ಲ, ಎಲ್‌ಸಿ0 ಎಂಬ ಎಂಜಿನ್‌ಗೆ ತಿನ್ನಿಸುವ ಫೈಲ್. ಕ್ಯೂಟ್ ಚೆಸ್‌ನಲ್ಲಿ ಎಲ್‌ಸಿ0 ಸೇರಿಸಿ, ಆಯ್ಕೆಗಳಲ್ಲಿ ‘ವೇಟ್ಸ್ ಫೈಲ್’ ಎಂಬಲ್ಲಿ 1500ರ ಫೈಲ್ ತೋರಿಸಿ. ಟೈಮ್ ಕಂಟ್ರೋಲ್‌ನಲ್ಲಿ ‘ನೋಡ್ಸ್’ (ಎಂಜಿನ್ ನೋಡುವ ಸ್ಥಿತಿಗಳ ಸಂಖ್ಯೆ) ಎಂಬಲ್ಲಿ 1 ಹಾಕಿ. ಈ 1 ಮರೆತರೆ ಎಲ್ಲವೂ ಕೆಟ್ಟಿತು: ಎಲ್‌ಸಿ0 ಮುಂದಿನ ನಡೆಗಳನ್ನು ಹುಡುಕಲು ಕೂರುತ್ತದೆ, ಮಾಯಾ ಮನುಷ್ಯನಂತೆ ಆಡುವುದು ನಿಂತುಹೋಗುತ್ತದೆ. ಒಂದೇ ನೋಡ್ ಆದ್ದರಿಂದ ಗ್ರಾಫಿಕ್ಸ್ ಕಾರ್ಡೂ ಬೇಡ, ಸಿಪಿಯು ಆವೃತ್ತಿ ಸಾಕು.

ಹತ್ತು ಆಟ ಆಡಿ. ಏಳಕ್ಕಿಂತ ಹೆಚ್ಚು ಅಂಕ ಬಂದರೆ 1600, ಮೂರಕ್ಕಿಂತ ಕಡಿಮೆಯಾದರೆ 1400.

ಮಾಯಾಗೂ ಎರಡು ಊನಗಳಿವೆ. ನೀವು ಅದೇ ನಡೆಗಳನ್ನಿಟ್ಟರೆ ಅದೂ ಅವೇ ಉತ್ತರ ಕೊಡುತ್ತದೆ, ಆಟ ಬಾಯಿಪಾಠವಾಗಿಬಿಡುತ್ತದೆ. ಸಿಸಿಲಿಯನ್ನೋ ಇಟಾಲಿಯನ್ನೋ, ನಿಮಗೆ ಬೇಕಾದ ಓಪನಿಂಗಿನ ನಾಲ್ಕೈದು ನಡೆ ಮುಗಿದ ಸ್ಥಿತಿಯಿಂದಲೇ ಆಟ ಶುರುಮಾಡಿ. ಎರಡನೆಯದು ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತ. ಮುಂದೆ ಲೆಕ್ಕ ಹಾಕದ ಕಾರಣ ಗೆದ್ದ ಆಟದಲ್ಲೂ ಅದು ಅಲ್ಲಲ್ಲೇ ಸುತ್ತುತ್ತದೆ. ಎಂಡ್‌ಗೇಮ್ ಅಭ್ಯಾಸಕ್ಕೆ ಪೂರ್ಣ ಬಲದ ಸ್ಟಾಕ್‌ಫಿಶ್ಶೇ ಸರಿ: ಗೆಲ್ಲುವ ಆನೆ-ಪಾನ್ (ಕಾಲಾಳು) ಸ್ಥಿತಿ ಇಟ್ಟುಕೊಂಡು ಅದರೆದುರು ಗೆದ್ದು ತೋರಿಸಿ.

ಪ್ರಶ್ನೆ: 4 ಜಿಬಿ ರ‍್ಯಾಮ್ ಇದೆ. ಆಟದ ವಿಶ್ಲೇಷಣೆಗೆ ಹ್ಯಾಶ್ (ಎಂಜಿನ್ ತನ್ನ ಲೆಕ್ಕ ನೆನಪಿಡುವ ಜಾಗ), ಥ್ರೆಡ್ (ಒಟ್ಟಿಗೆ ನಡೆಸುವ ಲೆಕ್ಕದ ಸರಣಿಗಳು) ಎಷ್ಟಿಡಲಿ? ಹ್ಯಾಶ್‌ಗೆ 2 ಜಿಬಿ ಕೊಟ್ಟರೆ ಮೆಷಿನ್ ತೆವಳುತ್ತದೆ.

ತೆವಳದೆ ಇನ್ನೇನು, ವಿಂಡೋಸ್‌ಗೇ ಜಾಗ ಸಾಲದೆ ಡಿಸ್ಕಿಗೆ ಓಡಾಡುತ್ತಿದೆ. ಹ್ಯಾಶ್ 256 ಎಂಬಿ ಇಡಿ. ಥ್ರೆಡ್, ಇರುವ ಕೋರ್‌ಗಳಿಗಿಂತ ಒಂದು ಕಡಿಮೆ. ಕೈ ಕಟ್ಟಿದ ಎಂಜಿನ್ ಜೊತೆ ಆಡುವಾಗ 1 ಥ್ರೆಡ್, 16 ಎಂಬಿ ಧಾರಾಳ. ‘ಮಲ್ಟಿಪಿವಿ’ 3 ಇಟ್ಟರೆ ಮೂರು ನಡೆಗಳ ಹೋಲಿಕೆ ಸಿಗುತ್ತದೆ, ಆದರೆ ಅಷ್ಟೇ ಹೊತ್ತಿನಲ್ಲಿ ಆಳ ಕಡಿಮೆಯಾಗುತ್ತದೆ.

ಯಾರ ಕಡೆ ಆಟ ಎಷ್ಟು ವಾಲಿದೆ ಎಂದು ಎಂಜಿನ್ ತೋರಿಸುವ ಅಂಕಿಯನ್ನು ಓದುವುದರಲ್ಲೂ ಎಚ್ಚರ ಬೇಕು. ಸ್ಟಾಕ್‌ಫಿಶ್ 15.1ರಿಂದೀಚೆಗೆ +1.00 ಎಂದರೆ ಒಂದು ಪಾನ್ ಲಾಭ ಅಂತಲ್ಲ, ಎಂಜಿನ್‌ಗಳೇ ಆಡಿದರೆ ಗೆಲ್ಲುವ ಸಂಭವ ಅರ್ಧಕ್ಕರ್ಧ ಎಂದು. ನಿಮ್ಮ ಮಟ್ಟದಲ್ಲಿ 0.4ರ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ನಡೆಗೆ 1ಕ್ಕಿಂತ ಹೆಚ್ಚು ಕುಸಿದ ಜಾಗಗಳನ್ನಷ್ಟೇ ಹಿಡಿದು, ಎಂಜಿನ್ ಆಫ್ ಮಾಡಿ ಐದು ನಿಮಿಷ ಬೋರ್ಡು ನೋಡಿ, ಆಮೇಲೆ ಅದರ ಉತ್ತರ ತೆರೆಯಿರಿ.