ಸಂಬಳ ಇಳಿದಿದೆ, ಕಂತುಗಳು ಇಳಿದಿಲ್ಲ: ಮೊದಲು ಯಾರಿಗೆ ಕಟ್ಟಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪೀಣ್ಯದ ಕಾರ್ಖಾನೆಯಲ್ಲಿ ಓಟಿ (ಹೆಚ್ಚುವರಿ ಗಂಟೆಯ ಕೆಲಸ) ನಿಂತು ಯಜಮಾನರ ಸಂಬಳ 32,000ದಿಂದ 18,000ಕ್ಕೆ ಇಳಿದಿದೆ. ನಿಮ್ಮ ಹೊಲಿಗೆಯಿಂದ 4,000 ಬರುತ್ತದೆ. ಬಾಡಿಗೆ, ದಿನಸಿ, ಶಾಲೆ, ಅತ್ತೆಯ ಔಷಧಿ ಕಳೆದರೆ ಕೈಯಲ್ಲಿ ಉಳಿಯುವುದು 6,000. ಕಟ್ಟಬೇಕಾದ್ದು 16,000: ಪರ್ಸನಲ್ ಲೋನ್ 6,800, ಬೈಕ್ 3,200 (ಇನ್ನು ನಾಲ್ಕು ಕಂತು), ಕ್ರೆಡಿಟ್ ಕಾರ್ಡ್ ಮಿನಿಮಮ್ 3,000, ಸಂಘದ ಸಾಲ (ಮೈಕ್ರೋಫೈನಾನ್ಸ್ ಕಂಪನಿಯದು) ವಾರಕ್ಕೆ 700. ಇದರ ಮೇಲೆ ಅಡವಿಟ್ಟ ಚಿನ್ನ, ಒಂದು ಆ್ಯಪ್ ಸಾಲ. ಇನ್ನೊಂದು ದೊಡ್ಡ ಸಾಲ ಮಾಡಿ ಎಲ್ಲವನ್ನೂ ತೀರಿಸಬಹುದಾ, ಇಲ್ಲದಿದ್ದರೆ ಯಾರ ಹತ್ತಿರ ಸಹಾಯ ಕೇಳಬೇಕು ಅಂತ ಕೇಳಿದ್ದೀರಿ.

ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೆಲವು ವರ್ಷ ತಾಲ್ಲೂಕಿನ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಕೌನ್ಸೆಲರ್ ಆಗಿದ್ದೆ. ನಿಮ್ಮಂಥ ಮನೆಗಳ ಲೆಕ್ಕ ಬಹಳ ನೋಡಿದ್ದೇನೆ. ಇನ್ನೊಂದು ಸಾಲ ಬೇಡವೇ ಬೇಡ. ಈಗ ನಿಮಗೆ ಸಾಲ ಕೊಡಲು ಮುಂದೆ ಬರುವವರ ಬಡ್ಡಿ ಹಳೆಯದಕ್ಕಿಂತ ಜಾಸ್ತಿಯೇ ಇರುತ್ತದೆ.

ಎಲ್ಲರೂ ಮಾಡುವ ಹಾಗೆ ನೀವೂ ಜೋರಾಗಿ ಕೂಗುವವರಿಗೆ ಮೊದಲು ಕಟ್ಟುತ್ತಿದ್ದೀರಿ. ಆ್ಯಪ್‌ನವರು ದಿನಕ್ಕೆ ಹತ್ತು ಫೋನ್ ಮಾಡುತ್ತಾರೆ, ಅವರಿಗೆ ಹೋಯಿತು. ಸಂಘದವರು ಬಾಗಿಲಿಗೆ ಬರುತ್ತಾರೆ, ಅವರಿಗೆ ಹೋಯಿತು. ಚಿನ್ನ ಇಟ್ಟ ಬ್ಯಾಂಕ್ ಸುಮ್ನೆ ಒಂದು ನೋಟಿಸ್ ಕಳಿಸುತ್ತದೆ, ಅದು ಡ್ರಾಯರ್ ಸೇರುತ್ತದೆ. ಆಮೇಲೆ ಹರಾಜಾಗುವುದು ಆ ಚಿನ್ನವೇ. ಹಾಗಾಗಿ ಯಾರು ಕೂಗುತ್ತಾರೆ ಅಂತ ನೋಡಬೇಡಿ, ಕಟ್ಟದಿದ್ದರೆ ಏನು ಕಳೆದುಕೊಳ್ಳುತ್ತೇವೆ ಅಂತ ನೋಡಿ. ಬಾಡಿಗೆ, ಊಟ, ಔಷಧಿ, ಶಾಲೆ ಎಲ್ಲ ಸಾಲಕ್ಕಿಂತ ಮೊದಲು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಗೃಹಜ್ಯೋತಿ, ಗೃಹಲಕ್ಷ್ಮಿ ಬರುತ್ತಿಲ್ಲವಾದರೆ ಅರ್ಹತೆ ಇದೆಯಾ ಅಂತ ಈ ವಾರವೇ ವಿಚಾರಿಸಿ. ತಿಂಗಳಿಗೆ 2,000 ನಿಮಗೀಗ ದೊಡ್ಡ ಮೊತ್ತ.

ಚಿನ್ನದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ದಾರಿ ಇರುವುದು ಅಲ್ಲೇ. ಮೂರು ವರ್ಷದ ಹಿಂದೆ 20 ಗ್ರಾಂ ಇಟ್ಟು 90,000 ತೆಗೆದುಕೊಂಡಿದ್ದೀರಿ. ಚಿನ್ನದ ದರ ಆಗಿನದೇ ಬೇರೆ, ಈಗಿನದೇ ಬೇರೆ. ಇವತ್ತಿನ ದರಕ್ಕೆ ಲೆಕ್ಕ ಹಾಕಿ, ಅಸಲು ಬಡ್ಡಿ ಎರಡನ್ನೂ ಕಳೆಯಿರಿ. ಒಂದು ಲಕ್ಷದ ಹತ್ತಿರ ಉಳಿಯುವ ಹಾಗಿದ್ದರೆ ಮಾರಿಬಿಡಿ ಅಂತಲೇ ನನ್ನ ಸಲಹೆ. ತವರಿನಿಂದ ಬಂದ ಬಳೆ, ಕೊಡಲು ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಹರಾಜಿನಲ್ಲಿ ಹೋಗುವುದಕ್ಕಿಂತ ನೀವೇ ನಿಂತು ಮಾರುವುದು ಮೇಲು. ಎರಡು ಅಂಗಡಿಯಲ್ಲಿ ದರ ಕೇಳಿ, ತೂಕ ನಿಮ್ಮ ಕಣ್ಣೆದುರಿಗೇ ಆಗಲಿ, ಕೊಳ್ಳುವವರು ಬ್ಯಾಂಕಿಗೇ ಬಂದು ಹಣ ಕಟ್ಟಿ ಬಿಡಿಸಿಕೊಳ್ಳಲಿ.

ಬಂದ ಹಣದಲ್ಲಿ ಮೊದಲು ಕ್ರೆಡಿಟ್ ಕಾರ್ಡ್ ಮುಗಿಸಿ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಬಾಕಿ 60,000, ಬಡ್ಡಿ ತಿಂಗಳಿಗೆ ಶೇ 3.5 ಅಂತ ಬರೆದಿದ್ದೀರಿ. ಅಂದರೆ ಒಂದು ತಿಂಗಳ ಬಡ್ಡಿ 2,100. ಅದರ ಮೇಲೆ ಶೇ 18 ಜಿಎಸ್‌ಟಿ, 378 ರೂಪಾಯಿ. ನೀವು ಕಟ್ಟುವ 3,000ದಲ್ಲಿ ಅಸಲಿಗೆ ಹೋಗುವುದು ಬರೀ 522. ಇಷ್ಟು ದಿನ ಕಟ್ಟಿದರೂ ಬಾಕಿ ಯಾಕೆ ಕರಗಲಿಲ್ಲ ಅಂತ ಕೇಳಿದ್ದಿರಲ್ಲ, ಕಾರಣ ಇದೇ. ಕಾರ್ಡ್ ಮುಗಿದ ಮೇಲೆ ಬೈಕಿನ ನಾಲ್ಕು ಕಂತು. ಯಜಮಾನರು ಕೆಲಸಕ್ಕೆ ಹೋಗುವುದು ಅದರಲ್ಲೇ ಅಲ್ವಾ, ಅದನ್ನು ಕಳೆದುಕೊಳ್ಳುವಂತಿಲ್ಲ. ಇನ್ನೂ ಉಳಿದರೆ ಸಂಘದ ಸಾಲಕ್ಕೆ. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಪರ್ಸನಲ್ ಲೋನ್‌ಗೆ ಒಂದು ಕಂತೂ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಬಾಯಲ್ಲಿ ಹೇಳಿದರೆ ಸಾಲದು, ಅರ್ಜಿ ಕೊಡಿ. ಹೀಗೆ ಬರೆಯಿರಿ: "ಕಾರ್ಖಾನೆಯಲ್ಲಿ ಓಟಿ ನಿಂತಿರುವುದರಿಂದ ನನ್ನ ಸಂಬಳ 32,000ದಿಂದ 18,000ಕ್ಕೆ ಇಳಿದಿದೆ. ಸಾಲ ತೀರಿಸುವ ಮನಸ್ಸಿದೆ. ಈಗಿನ ಕಂತು ಕಟ್ಟಲು ಆಗುತ್ತಿಲ್ಲ. ಅವಧಿ ವಿಸ್ತರಿಸಿ ಕಂತನ್ನು ಸುಮಾರು 4,200ಕ್ಕೆ ಇಳಿಸಿಕೊಡಬೇಕೆಂದು ಕೋರುತ್ತೇನೆ." ಕಾಪಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಈ 4,200 ನಾನು ಬಾಯಿಗೆ ಬಂದಂತೆ ಹೇಳಿದ್ದಲ್ಲ. 1,80,000 ಬಾಕಿಯನ್ನು ಶೇ 14 ಬಡ್ಡಿಯಲ್ಲಿ ಐದು ವರ್ಷಕ್ಕೆ ಹರಡಿದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಈಗಿನ ಕಂತಿನಲ್ಲೇ ತೀರಿಸುವುದಕ್ಕೆ ಹೋಲಿಸಿದರೆ ಒಟ್ಟು ಬಡ್ಡಿ 30,000ಕ್ಕೂ ಮೀರಿ ಹೆಚ್ಚಾಗುತ್ತದೆ, ಅದು ನಿಜ. ಆದರೆ ಕೈಯಲ್ಲಿರುವ 6,000ದೊಳಗೆ ಕಂತು ಕೂರುತ್ತದೆ. ಒಪ್ಪುವುದು ಬ್ಯಾಂಕಿಗೆ ಬಿಟ್ಟದ್ದು. ಆದರೆ ಮೂರು ತಿಂಗಳು ಕಂತು ತಪ್ಪಿ ಖಾತೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆದ ಮೇಲೆ ಕೇಳುವುದಕ್ಕೂ ಈಗ ಕೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಸಂಬಳ ಮತ್ತೆ ಏರಿದಾಗ ಕಂತು ಹೆಚ್ಚಿಸಿಕೊಳ್ಳಬಹುದು.

ಸಂಘದ ಸಾಲ ನೀವು ತೆಗೆದುಕೊಂಡದ್ದು ಸಂಬಳ ಇಳಿದ ಮೇಲೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಕಂಪನಿ ಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ದಾಟಬಾರದು. ನಿಮ್ಮ ಆದಾಯ 22,000, ಅರ್ಧ ಅಂದರೆ 11,000. ಸಂಘದ ಸಾಲಕ್ಕೆ ಮುಂಚೆಯೇ 13,000 ಕಟ್ಟುತ್ತಿದ್ದಿರಿ. ಇದರಿಂದ ಸಾಲ ಮನ್ನಾ ಆಗುವುದಿಲ್ಲ. ಆದರೆ ನಿಮ್ಮ ಆದಾಯವನ್ನು ಎಷ್ಟು ಅಂತ ಬರೆದುಕೊಂಡು ಸಾಲ ಕೊಟ್ಟಿರಿ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ. ಮಾತಿನ ಧಾಟಿ ತಾನಾಗಿ ಬದಲಾಗುತ್ತದೆ.

ಕೈಯಲ್ಲಿ ಹಣ ಇಲ್ಲದ ವಾರವೂ ಸಂಘದ ಮೀಟಿಂಗ್ ತಪ್ಪಿಸಬೇಡಿ. ಒಪ್ಪಿಕೊಂಡ ಜಾಗಕ್ಕೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಹೋಗಿ ಕೂತು 200 ಆದರೂ ಕಟ್ಟಿ ಸಂಘದ ಸಾಲದ ಕಾರ್ಡಿನಲ್ಲಿ ಬರೆಸಿಕೊಂಡರೆ ಮನೆ ಬಾಗಿಲಿಗೆ ಬರಲು ಅವರಿಗೆ ಕಾರಣವೇ ಇರುವುದಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ, ಅಕ್ಕಪಕ್ಕದವರಿಗೆ ಕಾಟ ಕೊಡುವಂತಿಲ್ಲ. ಸಾಲ ವಸೂಲಿಯಲ್ಲಿ ಕಿರುಕುಳ ಕೊಟ್ಟವರಿಗೆ ಶಿಕ್ಷೆ ಕೊಡಲು ಕರ್ನಾಟಕ 2025ರಲ್ಲಿ ಕಾನೂನನ್ನೇ ತಂದಿದೆ, 10 ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಬೆದರಿಕೆ ಬಂದರೆ ಫೋನ್ ರೆಕಾರ್ಡ್ ಇಟ್ಟುಕೊಂಡು ಠಾಣೆಗೆ ಹೋಗಿ.

ಆ್ಯಪ್ ಸಾಲದಲ್ಲಿ ಮೊದಲು ನೋಡಬೇಕಾದ್ದು ಹಣ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಹೆಸರು. ಸಾಲದ ಕಾಗದದಲ್ಲಿ ಅದು ಇರಲೇಬೇಕು. ಇದ್ದರೆ ನೇರ ಅವರ ಜೊತೆ ಮಾತಾಡಿ. ಹೆಸರೇ ಇಲ್ಲ, ಫೋಟೋ ತಿದ್ದಿ ಕಾಂಟ್ಯಾಕ್ಟಿನವರಿಗೆಲ್ಲ ಕಳಿಸುತ್ತೇವೆ ಅಂತ ಹೆದರಿಸುತ್ತಾರೆ ಅಂದರೆ ಅದು ಸೈಬರ್ ಅಪರಾಧ. 1930ಕ್ಕೆ ಫೋನ್ ಮಾಡಿ.

ಇನ್ನು ಸಹಾಯ. ನಿಮ್ಮ ಬ್ಯಾಂಕ್ ಶಾಖೆಯಲ್ಲಿ, ಇಲ್ಲವೇ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಆರ್ಥಿಕ ಸಾಕ್ಷರತಾ ಕೇಂದ್ರ ಎಲ್ಲಿದೆ ಅಂತ ಕೇಳಿ. ಅಲ್ಲಿನ ಸಲಹೆಗೆ ದುಡ್ಡಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ, ಫೋನ್ 15100. ಕೇಸ್ ಕೋರ್ಟಿಗೆ ಹೋಗುವ ಮುಂಚೆಯೇ ಲೋಕ್ ಅದಾಲತ್‌ನಲ್ಲಿ ಮಾತುಕತೆಗೆ ಕೂರಿಸಬಹುದು. ಕಂಪನಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ, ವಿವರಕ್ಕೆ 14448. ಯಜಮಾನರು ರಾತ್ರಿ ನಿದ್ದೆ ಮಾಡುತ್ತಿಲ್ಲ, ಬದುಕೇ ಬೇಡ ಅನ್ನುತ್ತಾರೆ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ನಾನು ಹೇಳಿದ ಎಲ್ಲ ಲೆಕ್ಕಕ್ಕಿಂತ ಅದು ಮುಖ್ಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಫೋನ್ ಮಾಡಿಸಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಯಜಮಾನರನ್ನು ಒಬ್ಬರೇ ಬಿಡಬೇಡಿ.

"ನಿಮ್ಮ ಸಾಲ ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ, ಮುಂಗಡ ಫೀಸ್ ಕಟ್ಟಿ" ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ಬ್ಯಾಂಕಿನವರೇ ಸೆಟಲ್‌ಮೆಂಟ್ ಅಂದರೂ ಲೆಟರ್ ಕೈಗೆ ಬರುವವರೆಗೆ ಹಣ ಕಟ್ಟಬೇಡಿ. ಸಿಬಿಲ್‌ನಲ್ಲಿ (ನಿಮ್ಮ ಸಾಲದ ಚರಿತ್ರೆಯ ದಾಖಲೆ) "ಸೆಟಲ್ಡ್" ಅಂತ ಬಿದ್ದರೆ ಮುಂದೆ ಸಾಲ ಸಿಗುವುದು ಕಷ್ಟ ಅನ್ನುವುದೂ ನೆನಪಿರಲಿ.

ಸೋಮವಾರ ಬ್ಯಾಂಕಿಗೆ ಯಜಮಾನರ ಜೊತೆ ನೀವೂ ಹೋಗಿ. ಮುಂಚಿನ ಮತ್ತು ಈಗಿನ ಸಂಬಳದ ಸ್ಲಿಪ್, ಆರು ತಿಂಗಳ ಪಾಸ್‌ಬುಕ್ ಎಂಟ್ರಿ, ಎಲ್ಲ ಸಾಲದ ಪಟ್ಟಿ ಒಂದೇ ಹಾಳೆಯಲ್ಲಿ, ಅರ್ಜಿ ಎರಡು ಪ್ರತಿ ಇರಲಿ. ಮ್ಯಾನೇಜರ್ ಏನೆಂದರು ಅಂತ ಇಲ್ಲೇ ಕೆಳಗೆ ಬರೆಯಿರಿ, ಮುಂದಿನದನ್ನು ನೋಡೋಣ.